ಉಸಿರೆತ್ತಬೇಡ

ಮೂವತ್ತಾರನೇ ಇಸವಿಯ ಮಾತು. ಅರಬೈಲ್ ಘಟ್ಟದಲ್ಲಿ ನಿಲ್ಲಿಸಿದ್ದ ಲಾರಿ ಹಿಂದಕ್ಕೆ ಸರಿದು, ಕೆಳಗಿಳಿದಿದ್ದ ಡ್ರೈವರ್ ಜಹಾಂಗೀರನ ಬಲಗಾಲು ಜಜ್ಜಿಹೋಯಿತು. ಯಲ್ಲಾಪುರದ ದವಾಖಾನೆಗೆ ತಂದಾಗಲೂ ಅವನಿಗೆ ಮಾತಿತ್ತು. ಹುಬ್ಬಳ್ಳಿಗೆ ಒಯ್ಯುವಷ್ಟು ಹೊತ್ತಿಲ್ಲ, ಕಾಲು ಈಗಲೇ ತೆಗೆಯಬೇಕು ಎಂದರು ಡಾಕ್ಟರ್ ಚಂದ್ರಶೇಖರಪ್ಪ. "ಖತೀಜಾ ಇಲ್ಲೇ ಇರ್ಬೇಕು, ಇಲ್ಲಾಂದ್ರೆ ನಾ ಮಲಗೂದಿಲ್ಲ" ಎಂದು ಜಹಾಂಗೀರ ಹೆಂಡತಿಯ ಸೆರಗು ಹಿಡಿದುಕೊಂಡ. ಘಟ್ಟಕ್ಕೆ ಹೆದರದವನು ಆ ಆಪರೇಶನ್ ಮೇಜಿಗೆ ಹೆದರಿದ್ದ.

ಕಂಪೌಂಡರ್ ಕೆರಿಯಪ್ಪ ಅವನ ಮೂಗಿನ ಮೇಲೆ ಬಟ್ಟೆ ಹಿಡಿದು ಕ್ಲೋರೋಫಾರಂ ಹನಿಸಿದ. ಜಹಾಂಗೀರ ಏನೇನೋ ಬಡಬಡಿಸಿ, ಆಮೇಲೆ ಗೊರಕೆ ಹೊಡೆಯತೊಡಗಿದ. ಮನೆಯಲ್ಲಿ ಎಂದೂ ಕೇಳದಂಥ ಗೊರಕೆ. "ಅಯ್ಯೋ, ಇವರಿಗೆ ಏನಾಯ್ತು?" ಎಂದು ಖತೀಜಾ ಕೂಗಿಕೊಂಡಳು.

"ಏನೂ ಆಗಿಲ್ಲ. ಇನ್ನೊಮ್ಮೆ ಉಸಿರೆತ್ತಿದ್ರ ಹೊರಗ ಹಾಕ್ತೀನಿ ನೋಡ್ರಿ!" ಎಂದು ಡಾಕ್ಟರು ಗದರಿದರು. ಅವರು ಕೆಟ್ಟವರೇನಲ್ಲ. ಇಬ್ಬರೇ ಮಾಡುವ ಕೆಲಸವಲ್ಲ ಅದು. ತಮ್ಮ ಭಯವನ್ನೆಲ್ಲ ಆ ಬಡಪಾಯಿ ಹೆಂಗಸಿನ ಮೇಲೆ ತೀರಿಸಿಕೊಂಡರು.

ಕೊಯ್ಯುವಾಗ ರಕ್ತ ಚಿಮ್ಮಿತು. ಡಾಕ್ಟರು ಕೆರಿಯಪ್ಪನನ್ನು ಕಾಲಿನ ಕಡೆಗೆ ಕರೆದರು. "ಬೀಬಿ, ಮೂಗಿನ ಹತ್ರ ಕೈ ಹಿಡೀರಿ. ಉಸ್ರು ಆಡ್ತದ್ಯೋ ಇಲ್ವೋ ನೋಡ್ತಾ ಇರ್ರಿ" ಎಂದು ಅವನು ಓಡಿದ. ಆಡದಿದ್ದರೆ ಏನು ಮಾಡಬೇಕೆಂದು ಹೇಳಲಿಲ್ಲ.

ಖತೀಜಾಳ ಅಂಗೈಗೆ ಬಿಸಿ ತಾಗುತ್ತಿತ್ತು. ಗೊರಕೆ ನಿಂತಾಗ, ನೋವು ಕಡಿಮೆಯಾಗಿರಬೇಕು ಎಂದು ಸಮಾಧಾನಪಟ್ಟಳು. ಆಮೇಲೆ ಬಿಸಿಯೂ ತಾಗಲಿಲ್ಲ. ತನ್ನ ಕೈಯೇ ಜೋಮು ಹಿಡಿಯಿತೇನೋ ಎಂದು ಇನ್ನೊಂದು ಕೈ ಹಿಡಿದಳು. ಇಲ್ಲ. ಕೂಗಿದರೆ ತನ್ನನ್ನು ಹೊರಗೆ ಹಾಕುತ್ತಾರೆ, ಇವರು ಇಲ್ಲಿ ಒಬ್ಬರೇ ಆಗುತ್ತಾರಲ್ಲ ಎಂದುಕೊಂಡಳು. "ಸಾಹೇಬ್ರೇ..." ಎಂದಳು ಮೆಲ್ಲಗೆ.

"ಬಾಯಿ ಮುಚ್ರಿ!"

ಮುಚ್ಚಿದಳು.

"ರಕ್ತ ನಿಂತದ ನೋಡೋ ಕೆರಿಯಪ್ಪ!" ಎಂದು ಡಾಕ್ಟರು ಗೆದ್ದವರಂತೆ ತಲೆ ಎತ್ತಿದರು. ಆಗ ಜಹಾಂಗೀರನ ತುಟಿ ಕಪ್ಪಾಗಿದ್ದು ಕಂಡಿತು. ನಾಲಿಗೆ ಹೊರಗೆಳೆದರು. ಎರಡೂ ಕೈ ಮೇಲಕ್ಕೆತ್ತಿ, ಇಳಿಸಿ, ಎದೆ ಒತ್ತಿದರು. ಬಹಳ ಹೊತ್ತು ಒತ್ತಿದರು. ಕೊನೆಗೆ ಸೋತು ಸ್ಟೂಲಿನ ಮೇಲೆ ಕೂತರು.

"ಉಸಿರು ನಿಂತದ್ದು ನಿಮಗ ಗೊತ್ತಾಗಿತ್ತಲ್ರೀ? ಯಾಕ ಹೇಳ್ಲಿಲ್ಲ?"

ಸಿಟ್ಟಿನಿಂದ ಕೇಳಿದ್ದಲ್ಲ. ತಾವು ಅಂದದ್ದು ಅವರಿಗೆ ನೆನಪೇ ಇರಲಿಲ್ಲ. ಈ ಕತೆ ಹೇಳುವ ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಖತೀಜಾಳ ಕೈ ಇನ್ನೂ ಗಂಡನ ಮೂಗಿನ ಹತ್ತಿರವೇ ಇತ್ತು. ಅವಳು ಉಸಿರೆತ್ತಲಿಲ್ಲ.