ಪಾಳು ಇಗರ್ಜಿಯ ಮೂಲೆ

"ಆ ಮೂಲೆಗೆ ಪಿಕಾಸಿ ಹಾಕ್ಸೋದಿಲ್ಲ, ದೇವರಾಣೆ" ಎಂದು ಪಾಳು ಪಟ್ಟಣಕ್ಕೆ ಬೇಲಿ ಬಿಗಿದ ವರ್ಷ ದೊನ್ ಅನ್ಸೆಲ್ಮೊ ಎದೆಯ ಮೇಲೆ ಶಿಲುಬೆ ಗೀಚಿಕೊಂಡು ನಮ್ಮ ಹೆಂಗಸರಿಗೆ ಮಾತು ಕೊಟ್ಟಿದ್ದ. ಆಗ ಅವನ ಉತ್ಖನನಕ್ಕೆ ಜರಡಿ ಹಿಡಿಯುವ ಕೈಗಳು ಬೇಕಿದ್ದವು.

ಐನೂರು ವರ್ಷದ ಹಿಂದೆ ಸ್ಪೇನಿನವರು ಕಟ್ಟಿಸಿ, ಜ್ವಾಲಾಮುಖಿ ಗುಡುಗಿದಾಗ ಬಿಟ್ಟೋಡಿದ ಪಟ್ಟಣ ಅದು. ಇಟ್ಟಿಗೆ ಹೊತ್ತವರು ನಮ್ಮವರು. ಓಡಲು ಕುದುರೆಯಿಲ್ಲದೆ ಉಳಿದವರೂ ನಮ್ಮವರೇ. ದೀಕ್ಷಾಸ್ನಾನವಾಗದೆ ಸತ್ತ ಕೂಸಿಗೆ ಪಾದ್ರಿ ಸ್ಮಶಾನದ ಗೇಟು ತೆಗೆಯುವುದಿಲ್ಲ. ಅಂಥ ಕೂಸನ್ನು ಸೋರೆಬುರುಡೆಯಲ್ಲಿಟ್ಟು ಅಲ್ಲಿನ ಪಾಳು ಇಗರ್ಜಿಯ ಮೂಲೆಯಲ್ಲಿ ಹೂಳುತ್ತಿದ್ದೆವು. ಎಂದೋ ಮಂತ್ರಿಸಿದ ನೆಲವಲ್ಲವೇ. ನನ್ನ ಕೂಸೂ ಅಲ್ಲಿತ್ತು, ದೃಷ್ಟಿ ತಾಗದಿರಲೆಂದು ಕೈಗೆ ನಾನೇ ಪೋಣಿಸಿ ಕಟ್ಟಿದ ಕೆಂಪು ಬೀಜದ ಸರದೊಂದಿಗೆ.

ಈ ಬೆಳಿಗ್ಗೆ ಆ ಸರ ನನ್ನ ಜರಡಿಗೆ ಬಿತ್ತು. ಹಿಂದೆಯೇ ಕಡ್ಡಿಯಂಥ ಎಲುಬುಗಳು.

"ಎಲ್ಲೀ ಮಣ್ಣೇ ಇದು?"

ಬುಟ್ಟಿ ತಂದ ನಿಕೋಲಾಸಾ ತಲೆಯೆತ್ತಲಿಲ್ಲ. "ಅದೇ ಮೂಲೆದು ಕಣಕ್ಕ. ಭಾನುವಾರ ನಾವಿಲ್ದಾಗ ಅಗೆಸವ್ನೆ, ಸೂಳೆಮಗ. ನಾಳೆ ಬಿಷಪ್ಪು, ಸ್ಪೇನಿನ ರಾಯಭಾರಿ ಬತ್ತಾರಂತೆ, ಅವ್ರಿಗೆ ತೋರ್ಸೋಕೆ ಏನಾರ ಬೇಕಲ್ಲ."

ದೊನ್ ಅನ್ಸೆಲ್ಮೊ ಕೊಡೆ ಬಿಟ್ಟು ಓಡಿಬಂದ. "ಮುಟ್ಟಬೇಡ್ವೇ, ಗಲೀಜು ಮುಂಡೆ! ಪಟ್ಟಣ ಕಟ್ಟಿದ ಕ್ಯಾಪ್ಟನ್ ಮನೆ ಕೂಸು ಅದು!"

"ನನ್ ಕೂಸು ಸ್ವಾಮಿ."

"ಹೌದಾ? ಐನೂರು ವರ್ಷದ ಹಿಂದೆ ಹೆತ್ತಿದ್ಯಾ?" ನಕ್ಕ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ. "ಗೊತ್ತು ಕಣೇ. ಬಾಯ್ಮುಚ್ಕೊಂಡಿರು. ನಿಂ ಕೂಸನ್ನ ನೋಡೋಕೆ ಯಾವ ರಾಯಭಾರಿ ಬರ್ತಾನೆ?"

ಅಷ್ಟರಲ್ಲಿ ಪಾದ್ರಿ ರೇಷ್ಮೆ ಹಾಸಿದ ಪೆಟ್ಟಿಗೆ ಹಿಡಿದು ಬಂದರು. "ಪುಣ್ಯವಂತ ಕೂಸು! ಬಿಷಪ್ಪರೇ ಮಂತ್ರಿಸ್ತಾರೆ. ಅಮೃತಶಿಲೆ ಕೆಳಗೆ ಮಲಗ್ತದೆ."

"ಅವತ್ತು ಇದನ್ನೇ ಎತ್ಕೊಂಡು ನಿಮ್ ಗೇಟ್ ಮುಂದೆ ನಿಂತಿದ್ದೆ ತಂದೆ. ನಾಯಿ ಓಡಿಸ್ದಂಗೆ ಓಡಿಸಿದ್ರಿ."

"ಅದು ಬೇರೆ, ಮಗಳೇ."

"ಅದೇ ಇದು."

ನಿಕೋಲಾಸಾ ನನ್ನ ತೋಳು ಜಗ್ಗಿದಳು. "ಸುಮ್ನಿದ್ಬುಡಕ್ಕ. ಯಾರ ಹೆಸರ್ನಾಗಾದ್ರೂ ಸರಿ, ಕೂಸಿಗೆ ಮಂತ್ರದ ನೀರು ಬೀಳ್ತದೆ."

ಆಸೆಯಾಯಿತು. ಸುಳ್ಳೇಕೆ, ಬಹಳ ಆಸೆಯಾಯಿತು. ಪೆಟ್ಟಿಗೆಯ ಮುಚ್ಚಳ ನೋಡಿದೆ. ಕ್ಯಾಪ್ಟನ್ನನ ಹೆಸರು ಆಗಲೇ ಕೆತ್ತಿಸಿದ್ದರು.

"ನಮ್ ಮುತ್ತಜ್ಜಂದಿರ ಮ್ಯಾಲೆ ಬೇಟೆನಾಯಿ ಬಿಟ್ಟೋನ ಮನೆ ಕೂಸಾ ಇದು? ಥೂ!"

ಉಗುಳು ಪೆಟ್ಟಿಗೆಯ ರೇಷ್ಮೆಗೆ ಬಿತ್ತು. ಜರಡಿಯಲ್ಲಿ ಸಿಕ್ಕಷ್ಟನ್ನು ಮಡಿಲಿಗೆ ಕಟ್ಟಿಕೊಂಡೆ. ಆ ಮೂಲೆಯಲ್ಲಿ ಒರಗಿಸಿದ್ದ ಪಿಕಾಸಿ ಎತ್ತಿಕೊಂಡೆ. ದೊನ್ ಅನ್ಸೆಲ್ಮೊ ಅಡ್ಡ ಬಂದ. ಪಿಕಾಸಿ ನೋಡಿ ಸರಿದ.

"ತಡಿಯಕ್ಕ, ನನ್ ಕೂಸೂ ಆ ಮೂಲೆ ಮಣ್ಣಾಗೇ ಅದೆ" ಎಂದು ನಿಕೋಲಾಸಾ ಬುಟ್ಟಿ ಎತ್ತಿಕೊಂಡು ಹಿಂದೆ ಬಂದಳು. ಉಳಿದ ಹೆಂಗಸರೂ ಜರಡಿ ಕೆಳಗಿಟ್ಟರು.

ಸ್ಮಶಾನದ ಬೀಗಕ್ಕೆ ಅದೇ ಪಿಕಾಸಿ ಹಾಕಿದೆ. ಗೇಟು ತೆರೆಯಿತು.

ದೊನ್ ಅನ್ಸೆಲ್ಮೊ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.