ಅಕ್ಕನ ಫೋಟೋಗೆ ಹೊಸ ಕಟ್ಟು

ಥೂ, ಎಷ್ಟು ಧೂಳು, ಮಾಗಡಿ ರಸ್ತೆಯ ಅರ್ಧ ಧೂಳು ಈ ಒಂದು ಫೋಟೋದ ಬೆನ್ನಲ್ಲೇ ಕೂತಿದೆ, ಇದಕ್ಕೆ ಕಟ್ಟು ಹಾಕಿದ ಮಹಾನುಭಾವ ಯಾರು, ಇನ್ಯಾರು, ರಾಜಾಜಿನಗರಕ್ಕೆಲ್ಲ ಹೆಸರಾದ ಫ್ರೇಮಿನ ಅಂಗಡಿ ಕೃಷ್ಣಪ್ಪನವರು, ನೀಲಗಂಗಮ್ಮನ ಗಂಡ, ಹಿಂದುಗಡೆ ಹಳೇ ಪೇಪರು ಮೆತ್ತಿ, ಅಂಟಿಗೆ ಒಂದು ಚಿಟಿಕೆ ಮೈಲುತುತ್ತವನ್ನೂ ಬೆರೆಸದೆ, ಬರೀ ಮೈದಾ ಗಂಜಿ ಬಳಿದು ಹುಳಗಳಿಗೆ ಎಲೆ ಹಾಕಿ ಬಡಿಸಿದ್ದಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಲು ಚಾಚಿ ಕೂತು ಅವಳು ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಕೀಳುತ್ತಾಳೆ, ಮೇಲೆ ಥಳಕು ಒಳಗೆ ಹುಳುಕು, ಅಂಗಡಿಯೂ ಹಾಗೇ ಯಜಮಾನನೂ ಹಾಗೇ, ಗಾಜು ಒರೆಸಿ ಗಿರಾಕಿಯ ಮುಂದೆ ಹಿಡಿಯುವುದು ಅವನು, ಬೆನ್ನಿಗೆ ಖಾಕಿ ಕಾಗದ ಎಳೆದು, ಇರುವೆ ಮೂಗು ತೂರಿಸದಂತೆ ಅಂಚು ಅಂಟಿಸುವುದು ಅವಳು, ಲಗ್ಗೆರೆಯಿಂದ ಬರುವ ಫ್ಯಾಕ್ಟರಿಯವರು ನಿಮ್ ಕೈ ಕಟ್ಟಿಗೆ ಹುಳ ಬರಲ್ಲ ಬಿಡಿ ಸಾರ್ ಅನ್ನುತ್ತಾರೆ, ಸಾರ್ ಅಂತೆ, ಸಾರ್ ಕೈಯ ಕಟ್ಟು ಇಲ್ಲಿದೆ, ಬಂದು ನೋಡಿ.

ಶುಕ್ರವಾರ ಕೆಂಗೇರಿ ಉಪನಗರದಲ್ಲಿ ಹೊಸ ಮನೆಯ ಗೃಹಪ್ರವೇಶ, ಎಲ್ಲಕ್ಕಿಂತ ಮೊದಲು ಒಳಗೆ ಹೋಗಬೇಕಾದದ್ದು ಅಕ್ಕನ ಫೋಟೋ, ಅಕ್ಕ ಎಂದರೆ ರಾಮಕ್ಕ, ಸತ್ತ ಮೊದಲನೆಯವಳು. ಗಂಗಾ, ಚೆನ್ನಾಗಿ ಅಂಟು ಹಾಕು, ಇಪ್ಪತ್ತು ವರ್ಷ ಒಂದು ಹುಳ ಹೋಗಬಾರದು, ಫೋಟೋದ ಅಂಚು ಮುಚ್ಚೋ ಮೌಂಟು ಮಾತ್ರ ಅದೇ ಇರ್ಲಿ, ತೆಗೀಬೇಡ ಕಣೇ, ಅಂದಿದ್ದಾನೆ ಗಂಡ. ಇಪ್ಪತ್ತು ವರ್ಷವಂತೆ, ಈ ಹನ್ನೆರಡು ವರ್ಷದಲ್ಲಿ ಒಂದು ದಿನ ಆ ಗಾಜು ಒರೆಸಿದ ಗಂಡಸೇ ಇವನು, ಕೊರಳಿಗೆ ಸತ್ತವಳ ಹೆಸರಿನ ಸವತಿ ತಾಳಿ ಕಟ್ಟಿಕೊಂಡು ಬಂದವಳು ಅವಳು, ಹೂವು ಕುಂಕುಮ ಇಟ್ಟವಳು ಅವಳು, ಇವನು ಮಾಡಿದ್ದು ಒಂದೇ ಕೆಲಸ, ಕತ್ತರಿ ಹಿಡಿದದ್ದು, ಇದು ಮೊದಲು ಅವನೂ ರಾಮಕ್ಕನೂ ಇಬ್ಬರೂ ಇದ್ದ ಫೋಟೋ, ಸತ್ತವಳಿಗೆ ಹಾಕಿದ ಹಾರದೊಳಗೆ ಬದುಕಿರುವವನು ನಿಂತರೆ ಆಯುಸ್ಸು ಮುಗಿಯುತ್ತದೆಂದು ಯಾರೋ ಅಂದರಂತೆ, ಕರ ಕರ ಕತ್ತರಿಸಿ ತನ್ನನ್ನು ಬೇರೆ ಮಾಡಿಕೊಂಡ, ಯಮನನ್ನು ಕತ್ತರಿಯಲ್ಲಿ ಗೆದ್ದ ಶೂರ. ಬೆಕ್ಕು ಅಡ್ಡ ಬಂದರೆ ಅಂಗಡಿ ಬಾಗಿಲು ತೆಗೆಯದ ಪುಕ್ಕಲ, ಜೊತೆಗೆ ಬಾಳಿದವಳನ್ನು ಬಟ್ಟೆಯ ನೂಲಿನಂತೆ ಕತ್ತರಿಸಿದವನು ಯಾರನ್ನು ತಾನೇ ಪ್ರೀತಿಸಿಯಾನು, ಅಷ್ಟು ಸಮಾಧಾನವೇ ಸಾಕಾಗಿತ್ತು ನೀಲಗಂಗಮ್ಮನಿಗೆ, ತನ್ನ ಮೇಲೆ ಮಾತ್ರ ಪ್ರೀತಿ ಇಲ್ಲ ಎಂದಲ್ಲ, ಅವನ ಹತ್ತಿರ ಆ ಸರಕೇ ಇಲ್ಲ, ಇಲ್ಲದ್ದನ್ನು ಕೊಡಲಿಲ್ಲವೆಂದು ಅತ್ತರೇನು ಬಂತು.

ಬೆನ್ನಿನ ರಟ್ಟು ಎತ್ತಿದಳು, ಬೆಳ್ಳಿಬಣ್ಣದ ಹುಳವೊಂದು ಸರಕ್ಕನೆ ಹರಿದು ಹೋಯಿತು, ಮೌಂಟು ತೆಗೀಬೇಡ ಅಂದಿದ್ದಾನೆ, ಅವನು ಅಂದದ್ದಕ್ಕೇ ತೆಗೆದಳು, ಫೋಟೋ ತಿರುಗಿಸಿದರೆ ರಾಮಕ್ಕನ ಭುಜದ ಮೇಲೆ ನಾಲ್ಕು ಬೆರಳು. ಇಷ್ಟು ವರ್ಷ ಮೌಂಟಿನ ಅಂಚಿನ ಕೆಳಗಿದ್ದ ನಾಲ್ಕು ಬೆರಳು, ಒಂದರಲ್ಲಿ ಉಂಗುರ, ಹಿಂದಿನಿಂದ ಬಂದು ಭುಜ ಹಿಡಿದಿವೆ, ಬಿಗಿಯಾಗಿಯೇ ಹಿಡಿದಿವೆ. ಪುಕ್ಕಲ, ಕತ್ತರಿಸಲು ಬಂದಿಲ್ಲ ಅಷ್ಟೆ, ಬೆರಳು ತೆಗೆದರೆ ಅವಳ ಭುಜವೂ ಹೋಗುತ್ತಿತ್ತು, ಹೋದರೆ ಹೋಗಲಿ, ತನ್ನ ಜೀವ ದೊಡ್ಡದಲ್ಲವೇ ಇವನಿಗೆ, ಬೆಕ್ಕಿಗೆ ಹೆದರುವವನು ತನ್ನ ನಾಲ್ಕು ಬೆರಳನ್ನು ಸತ್ತವಳ ಹಾರದೊಳಗೆ ಬಿಟ್ಟು ಹೇಗೆ ಮಲಗಿದ ಇಷ್ಟು ರಾತ್ರಿ, ತಿಳಿದೇ ಬಿಟ್ಟ, ಅವಳ ಭುಜಕ್ಕೆ ನೋವಾಗಬಾರದೆಂದು ಬಿಟ್ಟ. ತನ್ನ ಮತ್ತು ಅವನ ಮದುವೆ ಫೋಟೋದಲ್ಲಿ ಮಧ್ಯೆ ಇನ್ನೊಬ್ಬರು ನಿಲ್ಲುವಷ್ಟು ಜಾಗ, ಸ್ವಲ್ಪ ಹತ್ರ ಬನ್ನಿ ಸಾರ್ ಅಂದಿದ್ದ ಫೋಟೋ ತೆಗೆಯುವವನು, ಸಾಕು ತೆಗೀರಿ, ಇಷ್ಟಿದ್ರೆ ಸಾಕು ಅಂದಿದ್ದ ಇವನು. ಈ ಹುಳಗಳಿಗಾದರೂ ಬುದ್ಧಿ ಬೇಡವೇ, ಸೆರಗು ತಿಂದಿವೆ, ಕುರ್ಚಿ ತಿಂದಿವೆ, ಹಿಂದಿನ ಪರದೆಯನ್ನು ಜರಡಿ ಮಾಡಿವೆ, ಈ ಬೆರಳುಗಳನ್ನು ಮಾತ್ರ ಮುಟ್ಟಿಲ್ಲ. ಮುಂದಿನ ಅಂಗಡಿಯಿಂದ ಅವನ ಕೂಗು, ಆಯ್ತೇನೇ ಗಂಗಾ, ಅಂಟು ಆರೋಗುತ್ತೆ. ಆಯ್ತು, ಹಾಕ್ತಾ ಇದೀನಿ. ಬಟ್ಟಲಲ್ಲಿ ಮೈಲುತುತ್ತ ಕಲಸಿದ ನೀಲಿ ಅಂಟು ಕೆನೆಗಟ್ಟುತ್ತಿದೆ, ಇನ್ನು ಇದನ್ನು ಧೂಳು ಹೋಗದಂತೆ ಹುಳ ಹೋಗದಂತೆ ಅವಳೇ ಮುಚ್ಚಬೇಕು, ಅವಳಷ್ಟು ಭದ್ರವಾಗಿ ಇನ್ನಾರೂ ಮುಚ್ಚಲಾರರು, ಇಪ್ಪತ್ತು ವರ್ಷ ಏನೂ ಆಗುವುದಿಲ್ಲ ಇವಕ್ಕೆ, ಕುಂಚ ಎತ್ತಿದಳು, ಬೆರಳು, ಉಂಗುರದ ಬೆರಳು, ಭುಜದ ಮೇಲೆ ನಾಲ್ಕು ಬೆರಳು—