ಶಾಂತಿ ಕೋಣೆಯ ಸೋಫಾ

ಮಕ್ಕಳಿಗೂ ಮನಸ್ಸೆಂಬುದೊಂದು ಇದೆಯೆಂದು ಮುಖ್ಯೋಪಾಧ್ಯಾಯಿನಿಗೆ ಜ್ಞಾನೋದಯವಾದದ್ದು ಮೇಲಿನವರಿಂದ ಸುತ್ತೋಲೆ ಬಂದ ಮೇಲೆ. ಮೆಟ್ಟಿಲ ಕೆಳಗೆ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ ಕೋಣೆಯನ್ನು ತೆರವು ಮಾಡಿಸಿ, ತಿಳಿನೀಲಿ ಬಣ್ಣ ಬಳಿಸಿ, ಹೊಸ ಸೋಫಾ ತರಿಸಿ, ಬಾಗಿಲ ಮೇಲೆ 'ಶಾಂತಿ ಕೋಣೆ' ಎಂದು ಬರೆಸಿದರು. ಬರೆಸಿ, ಬೀಗ ಹಾಕಿಸಿದರು. ಉದ್ಘಾಟನೆ ಆಗುವ ತನಕ ಶಾಲೆಯಲ್ಲಿ ಯಾರೂ ಅಶಾಂತರಾಗುವಂತಿರಲಿಲ್ಲ.

ಹತ್ತನೆಯ ತರಗತಿಯ ಒಬ್ಬ ಹುಡುಗಿಗೆ ಗೆಳತಿಯರು ಇಟ್ಟ ಹೆಸರು ಇರುವೆ. ತನಗಿಂತ ಭಾರದ ಚೀಲ ಹೊತ್ತು ಸದಾ ಸರಸರ ಓಡುವವಳು. ಈಚೆಗೆ ಪ್ರಶ್ನೆಪತ್ರಿಕೆ ಕಂಡರೆ ಸಾಕು, ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಬೆರಳು ಮರಗಟ್ಟುತ್ತಿದ್ದವು, ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅವಳು ಬಯಸಿದ್ದು ಇಷ್ಟೇ: ಅದು ಇಳಿಯುವ ತನಕ ಕೂರಲು ಒಂದು ಮೂಲೆ.

ಅಮ್ಮನಿಗೆ ಹೇಳಿದರೆ, "ನಿನ್ನ ವಯಸ್ಸಲ್ಲಿ ನಮಗೆ ಇದಕ್ಕೆಲ್ಲ ಪುರುಸೊತ್ತೇ ಇರ್ಲಿಲ್ಲ ಕಣೇ" ಎಂದು ನಕ್ಕುಬಿಟ್ಟಳು. ವಾರಕ್ಕೊಮ್ಮೆ ಬಂದು ಹೋಗುವ ಆಪ್ತಸಮಾಲೋಚಕಿ ಫೋನಿನಿಂದ ಕಣ್ಣೆತ್ತದೆ, "ಪಾಸಿಟಿವ್ ಆಗಿ ಯೋಚ್ನೆ ಮಾಡಮ್ಮ" ಎಂದಳು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!

ಉದ್ಘಾಟನೆಯ ದಿನವೇ ಗಣಿತದ ಪರೀಕ್ಷೆ. ಪತ್ರಿಕೆ ಕೈಗೆ ಬಂದದ್ದೇ ತಡ, ಇರುವೆ ಬೆಂಚು ಹಿಡಿದುಕೊಂಡು ಬಾಗಿದಳು. ಪಕ್ಕದಲ್ಲಿದ್ದ ಗೆಳತಿ ಡೋಲು, ನಿದ್ದೆಯಲ್ಲೂ ಬಾಯಿ ಮುಚ್ಚದವಳು, ಅವಳ ತೋಳು ಹಿಡಿದು ಮೆಟ್ಟಿಲ ಕೆಳಗೆ ನಡೆಸಿಕೊಂಡು ಬಂದಳು. ಆ ಹೊತ್ತಿಗೆ ಕೋಣೆಯ ಬೀಗ ತೆಗೆದು, ಮುಖ್ಯೋಪಾಧ್ಯಾಯಿನಿ, ಸಮಾಲೋಚಕಿ, ಫೋಟೋದವನು ಎಲ್ಲ ಅಲ್ಲೇ ನಿಂತಿದ್ದರು.

"ಮಿಸ್, ಇವ್ಳಿಗೆ ಉಸಿರಾಡೋಕೆ ಆಗ್ತಿಲ್ಲ. ಒಳಗೆ ಕೂರಿಸ್ಲಾ?"

ಮುಖ್ಯೋಪಾಧ್ಯಾಯಿನಿಯ ಮುಖ ಅರಳಿತು. "ಒಳ್ಳೇ ಹೊತ್ತಿಗೆ ಬಂದ್ರಿ! ಫೋಟೋಗೆ ಒಬ್ಬಳು ಬೇಕಾಗಿತ್ತು. ಕೂತ್ಕೊಮ್ಮ. ಪ್ಲಾಸ್ಟಿಕ್ ಮಾತ್ರ ಕೀಳ್ಬೇಡ, ಸೋಫಾ ಕೊಳೆಯಾಗುತ್ತೆ."

ಇರುವೆ ಕೂತಳು. ಬೆವರಿದ ಕಾಲಿಗೆ ಪ್ಲಾಸ್ಟಿಕ್ ಅಂಟಿಕೊಂಡಿತು. ಫೋಟೋದವನು ಕ್ಯಾಮೆರಾ ಹಿಂದಿನಿಂದ ಕೂಗಿದ: "ಅಷ್ಟೊಂದು ಬೇಡಮ್ಮ, ಸಂಕಟ ಸ್ವಲ್ಪ ಕಮ್ಮಿ ಮಾಡು. ಹಾಂ. ಈಗ ಸಮಾಧಾನ ಆದ ಹಾಗೆ ನಗು."

ಸಮಾಲೋಚಕಿ ಪಕ್ಕದಲ್ಲಿ ಕೂತು, ಇರುವೆಯ ಭುಜದ ಮೇಲೆ ಕೈಯಿಟ್ಟಂತೆ ಮಾಡಿದಳು. ಕೈ ಭುಜಕ್ಕೆ ತಾಗಲೇ ಇಲ್ಲ. ಉಗುರಿನ ಬಣ್ಣ ಇನ್ನೂ ಹಸಿಯಾಗಿತ್ತು. "ಎಷ್ಟು ಚೆನ್ನಾಗಿ ಆಕ್ಟ್ ಮಾಡ್ತಾಳಲ್ವಾ ಮೇಡಂ!"

ಇರುವೆ ಆ ಉಗುರುಗಳನ್ನೇ ನೋಡಿದಳು. ಇವರ ಮುಂದೆ ಅತ್ತು ತನ್ನ ಕಣ್ಣೀರು ಯಾಕೆ ದಂಡ ಮಾಡಬೇಕು ಅನ್ನಿಸಿತು.

"ಆಯ್ತು, ಏಳಮ್ಮ. ಅತಿಥಿಗಳು ಬಂದ್ರು. ಹೊರಗೆ ಸಾಲಲ್ಲಿ ನಿಂತ್ಕೋ" ಎಂದರು ಮುಖ್ಯೋಪಾಧ್ಯಾಯಿನಿ.

"ಏಳೋಕಾಗಲ್ಲ ಮಿಸ್."

"ಫೋಟೋ ಆಯ್ತಲ್ಲೇ!"

ಹೊರಗೆ ಕಾರಿನ ಸದ್ದಾಯಿತು. ಹೂಗುಚ್ಛ ಎಲ್ಲಿ, ಕತ್ತರಿ ಎಲ್ಲಿ ಎಂದು ದೊಡ್ಡವರೆಲ್ಲ ಬಿದ್ದಂಬೀಳ ಓಡಿದರು. ಡೋಲು ಬಾಗಿಲು ಎಳೆದು ಒಳಗಿಂದ ಚಿಲಕ ಹಾಕಿದಳು. ಇರುವೆ ಸೋಫಾದ ಪ್ಲಾಸ್ಟಿಕ್ಕನ್ನು ಪರ್‍ರನೆ ಹರಿದೆಸೆದು ಕಾಲು ಮಡಚಿ ಕೂತಳು.

ಹೊರಗೆ ಅತಿಥಿಯ ಭಾಷಣ ಶುರುವಾಯಿತು. ಮಕ್ಕಳ ಮಾತಿಗೆ ನಾವು ಕಿವಿಗೊಡಬೇಕು ಎಂದು ಆತ ಯಾರಿಗೂ ಬಾಯಿ ತೆರೆಯಲು ಬಿಡದೆ ಹೇಳುತ್ತಲೇ ಹೋದ. ಕೊನೆಗೆ ಮುಖ್ಯೋಪಾಧ್ಯಾಯಿನಿ ಬಾಗಿಲು ದಬದಬ ಬಡಿದರು.

"ತೆಗೀರೇ! ರಿಬ್ಬನ್ ಕತ್ತರಿಸ್ಬೇಕು!"

"ಒಳಗೆ ಜನ ಇದಾರೆ ಮಿಸ್!" ಡೋಲು ಕೂಗಿದಳು. "ಕತ್ತರಿಸಿ, ರಿಬ್ಬನ್ ಹೊರಗೇ ಇದೆಯಲ್ಲ!"

ಆಮೇಲೆ ಗೆಳತಿಯ ಕಡೆ ತಿರುಗಿ, ಮೆಲ್ಲಗೆ, "ಏನಾದ್ರೂ ಮಾತಾಡ್ಲೇನೇ?"

"ಬೇಡ. ಸುಮ್ನೆ ಪಕ್ಕದಲ್ಲಿ ಕೂತ್ಕೋ."

ಡೋಲು ಕೂತಳು, ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡು. ಬಡಿತ ನಿಂತಿತು, ಹೊರಗೆ ಚಪ್ಪಾಳೆ ಬಿತ್ತು. ಇರುವೆಯ ಉಸಿರು ಒಂದೊಂದೇ ಮೆಟ್ಟಿಲಿಳಿದಂತೆ ಕೆಳಗಿಳಿಯಿತು.

"ಡಾಕ್ಟರ್ ಹತ್ರ ಕರ್ಕೊಂಡು ಹೋಗು ಅಂತ ಸಂಜೆ ಅಮ್ಮನಿಗೆ ಹೇಳ್ತೀನಿ. ನಾನೊಬ್ಬಳೇ ಹೇಳಿದ್ರೆ ನಗ್ತಾಳೆ. ನೀನೂ ಬರ್ತೀಯಾ?"

"ಬರ್ತೀನಿ. ಅಲ್ಲೂ ಸುಮ್ನಿರ್ಬೇಕಾ?"

"ಅಲ್ಲಿ ಬಾಯಿ ಮುಚ್ಚಿದ್ರೆ ಕೊಂದ್ಬಿಡ್ತೀನಿ."